ಆಯಮ್ಮ ಮಗುವಿನ ಜೊತೆ ಎಷ್ಟು ದೂರ ನಡೆಯಬೇಕು? ಬೆಂಗಳೂರಿನ ಅಪ್ಪ-ಅಮ್ಮಂದಿರಿಗೆ ಒಂದು ಮಾರ್ಗದರ್ಶಿ

ಮಗು ನೋಡಿಕೊಳ್ಳಲು ಆಯಮ್ಮ ಬೇಕು ಅಂತ ಮಾತಿಗೆ ಕೂತಾಗ ಸಂಬಳ, ರಜೆ, ಊಟ, ಟೈಮಿಂಗ್ ಎಲ್ಲ ಮಾತಾಡುತ್ತೇವೆ. ನಡಿಗೆಯ ವಿಷಯ ಬರುವುದೇ ಇಲ್ಲ. "ಪ್ಲೇಸ್ಕೂಲು ಇಲ್ಲೇ ಪಕ್ಕದಲ್ಲಿದೆ, ಬಿಟ್ಟು ಬನ್ನಿ" ಅಂದರೆ ಮುಗಿಯಿತು. ಆದರೆ ನಾವು ಆ ದೂರವನ್ನು ನೋಡಿರುವುದು ಸ್ಕೂಟರ್ ಮೇಲೆ ಕೂತು. ಆಯಮ್ಮ ಅದನ್ನು ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಬ್ಯಾಗು ಹಿಡಿದು ದಾಟಬೇಕು.

ಎಷ್ಟು ದೂರ ಸರಿ ಅನ್ನುವುದಕ್ಕೆ ನನ್ನದು ಒಂದೇ ಅಳತೆ. ಮಗು ಅತ್ಯಂತ ದೂರದ ಜಾಗದಲ್ಲಿ "ಎತ್ಕೋ" ಅಂತ ಕೂತುಬಿಟ್ಟಿದೆ ಅಂತ ಅಂದುಕೊಳ್ಳಿ. ಅಲ್ಲಿಂದ ಮಗುವನ್ನು ಎತ್ತಿಕೊಂಡು ಆಯಮ್ಮ ಆರಾಮಾಗಿ ಮನೆ ಸೇರಬಲ್ಲರಾ? ಸೇರಬಲ್ಲರು ಅಂದರೆ ಆ ದೂರ ಸರಿ. ಇಲ್ಲ ಅಂದರೆ ಮ್ಯಾಪಿನಲ್ಲಿ ಎಷ್ಟೇ ಹತ್ತಿರ ಕಂಡರೂ ಅದು ದೂರವೇ. ಇದನ್ನು ನಿಮ್ಮ ಮನೆಗೆ ಹೇಗೆ ಹೊಂದಿಸಿಕೊಳ್ಳುವುದು ಅಂತ ಒಂದೊಂದಾಗಿ ನೋಡೋಣ.

ಮೊದಲು ದಿನದ ನಡಿಗೆ ಕೂಡಿಸಿ

ಒಂದು ಹಾಳೆ ತಗೊಳ್ಳಿ. ಆಯಮ್ಮ ಮಗುವಿಗಾಗಿ ದಿನಕ್ಕೆ ಎಷ್ಟು ಸಲ ಗೇಟು ದಾಟುತ್ತಾರೆ ಅಂತ ಬರೆಯಿರಿ. ಪ್ಲೇಸ್ಕೂಲಿಗೆ ಬಿಡುವುದು, ಕರೆತರುವುದು, ದೊಡ್ಡ ಮಗುವಿನ ಸ್ಕೂಲ್ ವ್ಯಾನ್ ಬರುವ ಕಡೆ ಹೋಗಿ ನಿಲ್ಲುವುದು, ಸಂಜೆ ಪಾರ್ಕು, ಹಾಗೇ ಬರುವಾಗ ತರುವ ಹಾಲು, ಕೊತ್ತಂಬರಿ.

ಪ್ಲೇಸ್ಕೂಲು 700 ಮೀಟರ್ ದೂರ ಇದೆ ಅಂದುಕೊಳ್ಳಿ. ನಮಗೆ ಅದು 700 ಮೀಟರ್ ಮಾತ್ರ. ಆಯಮ್ಮ ಬೆಳಿಗ್ಗೆ ಬಿಟ್ಟು ವಾಪಸ್ ಬರಬೇಕು, ಮಧ್ಯಾಹ್ನ ಮತ್ತೆ ಹೋಗಿ ಕರೆತರಬೇಕು. ಅಲ್ಲಿಗೆ 2.8 ಕಿಲೋಮೀಟರ್ ಆಯಿತು. ಸಂಜೆ ಅರ್ಧ ಕಿಲೋಮೀಟರ್ ದೂರದ ಪಾರ್ಕು ಸೇರಿಸಿದರೆ 3.8. ಅವರ ಬಸ್ ಸ್ಟಾಪಿನಿಂದ ನಿಮ್ಮ ಮನೆಗೆ 800 ಮೀಟರ್ ಇದ್ದರೆ ಹೋಗಿಬರಲು ಇನ್ನೊಂದು 1.6. ಒಟ್ಟು 5.4 ಕಿಲೋಮೀಟರ್. ಇದು ಬರೀ ರಸ್ತೆಯ ಲೆಕ್ಕ. ಪಾರ್ಕಿನಲ್ಲಿ ಮಗುವಿನ ಹಿಂದೆ ಓಡುವುದು, ಮನೆಯಲ್ಲಿ ದಿನವಿಡೀ ನಿಂತಿರುವುದು ಇದರಲ್ಲಿ ಸೇರಿಲ್ಲ.

ಆಯಮ್ಮ ತಮ್ಮ ಮನೆಯಿಂದ ನಿಮ್ಮ ಮನೆಗೆ ಹೇಗೆ ಬರುತ್ತಾರೆ ಅಂತ ನಿಮಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಇವತ್ತೇ ಕೇಳಿ. ಈಜಿಪುರದಿಂದ ಕೋರಮಂಗಲಕ್ಕೆ ನಡೆದೇ ಬರುವವರು ಎಷ್ಟೋ ಜನ ಇದ್ದಾರೆ. ಬೆಳಿಗ್ಗೆ ಇನ್ನೊಂದು ಮನೆಯ ಪಾತ್ರೆ ಮುಗಿಸಿ ಬರುವವರೂ ಇದ್ದಾರೆ. ಬಾಗಿಲು ತೆರೆದಾಗ ಅವರ ಕಾಲಿನಲ್ಲಿ ಎಷ್ಟು ಶಕ್ತಿ ಉಳಿದಿದೆ ಅನ್ನುವುದರ ಮೇಲೆ ನಿಮ್ಮ ಮಗುವಿನ ನಡಿಗೆ ನಿಂತಿರುತ್ತದೆ.

ಆ ದಾರಿಯನ್ನು ನೀವೇ ಒಮ್ಮೆ ನಡೆಯಿರಿ

ಈ ಹೆಜ್ಜೆಯನ್ನು ಬಿಡಲೇಬೇಡಿ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ನಡೆದರೆ ಪ್ರಯೋಜನ ಇಲ್ಲ. ಆಯಮ್ಮ ನಡೆಯುವ ಹೊತ್ತಿಗೇ, ಮಗುವಿನ ಜೊತೆಗೇ, ಅದೇ ಬ್ಯಾಗು ಹಿಡಿದು ನಡೆಯಬೇಕು. ಆಫೀಸಿಗೆ ಅರ್ಧ ದಿನ ರಜೆ ಹಾಕಿಯಾದರೂ ಮಾಡಿ.

ಗೂಗಲ್ ಮ್ಯಾಪ್ ತೋರಿಸುವ ನಿಮಿಷಗಳನ್ನು ನಂಬಬೇಡಿ. ಅದು ದೊಡ್ಡವರ ನಡಿಗೆಯ ಲೆಕ್ಕ. ಎರಡು-ಮೂರು ವರ್ಷದ ಮಗು ನಾಯಿಮರಿ ನೋಡಿ, ಬಿದ್ದ ಹೂವು ಎತ್ತಿ, ಚಪ್ಪಲಿ ಬಿಚ್ಚಿ ಮತ್ತೆ ಹಾಕಿಸಿಕೊಂಡು ನಡೆಯುತ್ತದೆ. ಅರ್ಧ ಕಿಲೋಮೀಟರಿಗೆ ಹದಿನೈದು-ಇಪ್ಪತ್ತು ನಿಮಿಷ ಹಿಡಿದರೆ ಆಶ್ಚರ್ಯ ಇಲ್ಲ.

ನಡೆಯುವಾಗ ಗಮನಿಸಬೇಕಾದ ಮುಖ್ಯ ವಿಷಯ ಫುಟ್‌ಪಾತ್. ಬೆಂಗಳೂರಿನಲ್ಲಿ ದೂರವನ್ನು ನಿರ್ಧರಿಸುವುದೇ ಅದು. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮಾಡಿದ ರೆಸಿಡೆನ್ಸಿ ರೋಡ್, ಕನ್ನಿಂಗ್‌ಹ್ಯಾಂ ರೋಡಿನಲ್ಲಿ ಅಗಲವಾದ ಫುಟ್‌ಪಾತ್ ಇದೆ. ನಮ್ಮ ಹೆಚ್ಚಿನ ಬಡಾವಣೆಗಳಲ್ಲಿ ಅಷ್ಟು ಅದೃಷ್ಟ ಇಲ್ಲ. ಚರಂಡಿ ಮೇಲೆ ಹಾಸಿದ ಚಪ್ಪಡಿ ಕಲ್ಲು ಅಲ್ಲಾಡುತ್ತದೆ, ಎಲ್ಲೋ ಒಂದು ಕಲ್ಲೇ ಇರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಪೂರ್ತಿ ಜಾಗ ಹಿಡಿದಿರುತ್ತದೆ. ಮನೆಗಳ ಮುಂದೆ ಕಾರು ಹತ್ತಿಸುವ ಇಳಿಜಾರು ಇರುತ್ತದೆ. ಕೇಬಲ್ ತಲೆಗೆ ತಾಗುವಂತೆ ಜೋತಿರುತ್ತದೆ. ಟ್ರಾಫಿಕ್ ಜಾಸ್ತಿ ಆದಾಗ ಬೈಕುಗಳೂ ಫುಟ್‌ಪಾತ್ ಮೇಲೇ ಬರುತ್ತವೆ.

ಹಾಗಾಗಿ ನಡೆಯುವಾಗ ಒಂದನ್ನು ಎಣಿಸಿ: ಮಗುವನ್ನು ಹಿಡಿದು ಎಷ್ಟು ಸಲ ಫುಟ್‌ಪಾತ್‌ನಿಂದ ರಸ್ತೆಗೆ ಇಳಿಯಬೇಕಾಯಿತು? ಬಸ್ಸು ಓಡಾಡುವ ರಸ್ತೆಗೆ ಪದೇ ಪದೇ ಇಳಿಯಬೇಕು ಅಂದರೆ 300 ಮೀಟರ್ ಕೂಡ ಜಾಸ್ತಿಯೇ. ಜಯನಗರದ ಮರಗಳ ನೆರಳಿನ ಒಳರಸ್ತೆಯಲ್ಲಿ ಒಂದು ಕಿಲೋಮೀಟರ್ ನಡೆಯುವುದು ಸುಲಭ. ವರ್ತೂರು ಕಡೆಯ ಮುಖ್ಯರಸ್ತೆಯಲ್ಲಿ ಅದರ ಕಾಲು ಭಾಗವೂ ಕಷ್ಟ. ಮಲ್ಲೇಶ್ವರದ ಕೆಲವು ಕ್ರಾಸ್‌ಗಳಲ್ಲಿ, ಗಿರಿನಗರದಲ್ಲಿ ಏರು ಇದೆ. ಹೋಗುವಾಗ ಇಳಿಜಾರು ಅಂದರೆ ಬರುವಾಗ ಏರು, ಅದೂ ಮಗು ಸುಸ್ತಾಗಿರುವಾಗ.

ದೊಡ್ಡ ರಸ್ತೆ ದಾಟಬೇಕಾದ ಕಡೆ ಸಿಗ್ನಲ್ ಇದೆಯಾ ನೋಡಿ. ಇಲ್ಲದಿದ್ದರೆ, ಸುತ್ತಾದರೂ ಸರಿ, ಸಿಗ್ನಲ್ ಇರುವ ದಾರಿಯನ್ನೇ ಗೊತ್ತು ಮಾಡಿ. ಔಟರ್ ರಿಂಗ್ ರೋಡಿನಂಥ ಕಡೆ ಸ್ಕೈವಾಕ್ ಇಲ್ಲದ ಜಾಗದಲ್ಲಿ ಮಗು ಕರೆದುಕೊಂಡು ದಾಟಿ ಅಂತ ಯಾರಿಗೂ ಹೇಳಬೇಡಿ.

ತೂಕ ನೋಡಿ, ವಯಸ್ಸು ಆಮೇಲೆ

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ಪ್ರಕಾರ ಒಂದು ವರ್ಷದ ಮಗುವಿನ ಮಧ್ಯಮ ತೂಕ ಸುಮಾರು 9 ಕಿಲೋ. ಎರಡಕ್ಕೆ 12 ಕಿಲೋ ಆಸುಪಾಸು, ಮೂರಕ್ಕೆ 14, ಐದಕ್ಕೆ 18. ಮೂರು ವರ್ಷದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಹೆಗಲಿಗೆ ಸ್ಕೂಲ್ ಬ್ಯಾಗು ಹಾಕಿಕೊಂಡು ನಡೆಯುವುದು ಅಂದರೆ ತುಂಬಿದ ಗ್ಯಾಸ್ ಸಿಲಿಂಡರಿನ ಒಳಗಿನ ಗ್ಯಾಸಿನಷ್ಟು ಭಾರ ಹೊತ್ತು ನಡೆದ ಹಾಗೆ. ಅದೂ ದೇಹದ ಒಂದೇ ಬದಿಗೆ. ಐವತ್ತು ದಾಟಿದ, ಮಂಡಿ ನೋವಿರುವ ಹೆಂಗಸಿಗೆ ಇದು ದಿನಾ ಆಗುವ ಕೆಲಸವಲ್ಲ.

ನನ್ನ ಅನುಭವಕ್ಕೆ ಸರಿ ಅನ್ನಿಸಿದ ಅಂದಾಜು ಹೇಳುತ್ತೇನೆ. ಇದನ್ನು ಗರಿಷ್ಠ ಅಂತ ಇಟ್ಟುಕೊಳ್ಳಿ. ಎಲ್ಲವೂ ಒಂದು ಕಡೆಯ ದೂರ, ದಾರಿ ಚೆನ್ನಾಗಿದ್ದರೆ ಮಾತ್ರ.

ಒಂದು ವರ್ಷದೊಳಗಿನ ಮಗುವಿಗೆ ಎಲ್ಲಿಗೂ ಹೋಗುವ ಕೆಲಸ ಇರುವುದಿಲ್ಲ. ಅಪಾರ್ಟ್‌ಮೆಂಟ್ ಆವರಣ ಅಥವಾ ಮನೆ ಮುಂದಿನ ಕ್ರಾಸ್ ಸಾಕು. ಎತ್ತಿಕೊಂಡರೆ ಹತ್ತು ನಿಮಿಷ, ಸ್ಟ್ರಾಲರ್‌ನಲ್ಲಿ ಅರ್ಧ ಗಂಟೆ. ಒಂದರಿಂದ ಎರಡು ವರ್ಷಕ್ಕೆ 200-300 ಮೀಟರ್. ಮೂರರವರೆಗೆ 400-500. ಮೂರು-ನಾಲ್ಕು ವರ್ಷಕ್ಕೆ ಜಾಸ್ತಿ ಅಂದರೆ 600-700. ಇಲ್ಲೇ ಹೆಚ್ಚು ತೊಂದರೆ ಆಗುವುದು. ಮಗು ನಡೆಯುತ್ತದೆ ಅಂತ ನಾವು ನಂಬಿರುತ್ತೇವೆ, ತೂಕ ಮಾತ್ರ ಎತ್ತಲಾಗದಷ್ಟು ಆಗಿರುತ್ತದೆ. ಐದು-ಆರಕ್ಕೆ ಒಂದು ಕಿಲೋಮೀಟರ್. 2010ರ ಆರ್‌ಟಿಇ (ಶಿಕ್ಷಣ ಹಕ್ಕು) ನಿಯಮಗಳಲ್ಲಿ ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ನಡೆದು ಹೋಗುವ ಶಾಲೆ ಒಂದು ಕಿಲೋಮೀಟರ್ ಒಳಗೆ ಇರಬೇಕು ಅಂತ ಇದೆ. ಆರು ವರ್ಷದ ಮಗುವಿಗೆ ಸರ್ಕಾರವೇ ಇಟ್ಟ ಅಳತೆ ಅದು. ಎರಡೂವರೆ ವರ್ಷದ ಮಗುವನ್ನು ಅದಕ್ಕಿಂತ ದೂರ ನಡೆಸಿಕೊಂಡು ಬನ್ನಿ ಅಂತ ಆಯಮ್ಮನಿಗೆ ಹೇಳುವುದು ಸರಿಯಾ, ಯೋಚಿಸಿ.

ಎರಡು ಮಕ್ಕಳಿದ್ದರೆ ಚಿಕ್ಕ ಮಗುವಿನ ಲೆಕ್ಕ ಹಿಡಿಯಿರಿ, ಅದರಲ್ಲೂ ಸ್ವಲ್ಪ ಕಡಿಮೆ ಮಾಡಿ. ಒಂದನ್ನು ಎತ್ತಿಕೊಂಡರೆ ಇನ್ನೊಂದನ್ನು ಹಿಡಿಯಲು ಒಂದೇ ಕೈ ಉಳಿಯುತ್ತದೆ. ಬ್ಯಾಗಿಗೆ ಕೈಯೇ ಇಲ್ಲ. ಇಬ್ಬರು ಚಿಕ್ಕವರ ಜೊತೆ ದೊಡ್ಡ ರಸ್ತೆ ದಾಟುವ ಕೆಲಸ ಒಬ್ಬರೇ ಆಯಮ್ಮನಿಗೆ ಬೇಡವೇ ಬೇಡ.

ಬ್ಯಾಗಿನ ಬಗ್ಗೆಯೂ ಒಂದು ಮಾತು. ಒಂದು-ಎರಡನೇ ಕ್ಲಾಸಿನ ಬ್ಯಾಗು 2 ಕಿಲೋ ಮೀರಬಾರದು ಅಂತ ಕರ್ನಾಟಕ ಸರ್ಕಾರ 2019ರಲ್ಲೇ ಹೇಳಿದೆ. ಪ್ಲೇಸ್ಕೂಲಿನ ಬ್ಯಾಗಿನಲ್ಲಿ ಟಿಫನ್ ಡಬ್ಬಿ, ನೀರು, ಒಂದು ಜೊತೆ ಬಟ್ಟೆ ಬಿಟ್ಟು ಇನ್ನೇನಿದೆ ಅಂತ ತೆರೆದು ನೋಡಿ. ಬೇಡದ್ದನ್ನು ತೆಗೆದುಬಿಡಿ. ಬರುವಾಗ ಐದು ಕಿಲೋ ಅಕ್ಕಿ ತನ್ನಿ ಅಂತ ದಯವಿಟ್ಟು ಹೇಳಬೇಡಿ.

ಸ್ಟ್ರಾಲರ್ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಸಮತಟ್ಟಾದ ಆವರಣದಲ್ಲಿ ಅದು ನಿಜವಾಗಿಯೂ ವರ. ಆದರೆ ನಮ್ಮ ಫುಟ್‌ಪಾತ್‌ಗಳ ಮೇಲೆ ಪ್ರತಿ ಗೇಟಿಗೂ ಇಳಿಸಿ ಹತ್ತಿಸಬೇಕು. ಮಗು ಜೊತೆಗೆ ಸ್ಟ್ರಾಲರ್ ತೂಕವನ್ನೂ ಎತ್ತಿದ ಹಾಗಾಗುತ್ತದೆ. ಇನ್ನೊಂದು ವಿಷಯ: ಐದು ವರ್ಷದೊಳಗಿನ ಮಕ್ಕಳನ್ನು ಸ್ಟ್ರಾಲರ್‌ನಲ್ಲಿ ಒಂದೇ ಸಮನೆ ಒಂದು ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ ಬೇಕು ಅಂತಲೂ ಹೇಳಿದೆ. ಮನೆಯೊಳಗೆ ಕುಣಿಯುವುದು, ಆಡುವುದು ಎಲ್ಲ ಅದರಲ್ಲಿ ಸೇರುತ್ತದೆ. ಅಂದರೆ ಮಗು ಓಡಾಡಲಿ ಅಂತ ದೂರ ಕಳಿಸಬೇಕಾಗಿಲ್ಲ. ಹತ್ತಿರದ ಪಾರ್ಕಿಗೆ ಬೇಗ ತಲುಪಿ, ಅಲ್ಲಿ ಜಾಸ್ತಿ ಹೊತ್ತು ಆಡಿದರೆ ಮಗುವಿಗೂ ಒಳ್ಳೆಯದು, ಆಯಮ್ಮನಿಗೂ ಹಗುರ.

ಹೊತ್ತು ಮತ್ತು ಹವಾ

ಇಡೀ ದಿನದಲ್ಲಿ ಕಷ್ಟದ ನಡಿಗೆ ಅಂದರೆ ಪ್ಲೇಸ್ಕೂಲಿನಿಂದ ಮಧ್ಯಾಹ್ನ ಬರುವುದು. ಹನ್ನೆರಡೂವರೆ ಬಿಸಿಲು, ಹಸಿದ ಮಗು, ಕಣ್ಣು ಎಳೆಯುವ ನಿದ್ದೆ. ಬೆಳಿಗ್ಗೆ ಕುಣಿಯುತ್ತಾ ಹೋದ ಮಗುವೇ ಆಗ ಒಂದು ಹೆಜ್ಜೆ ಇಡುವುದಿಲ್ಲ. ದೂರ ಎಷ್ಟು ಅಂತ ತೀರ್ಮಾನ ಮಾಡುವಾಗ ಈ ಹೊತ್ತನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮಾರ್ಚ್‌ನಿಂದ ಮೇವರೆಗೆ 35 ಡಿಗ್ರಿ ದಾಟುವ ದಿನಗಳಿರುತ್ತವೆ. ಅಂಥ ದಿನ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ನಡಿಗೆ ಬೇಡ, ಪ್ಲೇಸ್ಕೂಲಿನಿಂದ ಆಟೋದಲ್ಲಿ ಬರಲಿ. ಏಪ್ರಿಲ್, ಮೇ ಸಂಜೆ ಗಾಳಿ ಎದ್ದು ಒಮ್ಮೆಲೇ ಮಳೆ ಹೊಡೆಯುತ್ತದೆ, ಹಳೇ ಮರಗಳ ಕೊಂಬೆ ಬೀಳುತ್ತವೆ. ಮೋಡ ಕಪ್ಪಾದರೆ ಪಾರ್ಕಿನಿಂದ ಆಗಲೇ ಹೊರಡಿ ಅಂತ ಹೇಳಿಟ್ಟಿರಿ. ಹೊರಡಲು ಆಗದಿದ್ದರೆ ಮರದ ಕೆಳಗೆ ನಿಲ್ಲದೆ ಅಂಗಡಿಯೊಳಗೆ ನಿಲ್ಲಲಿ. ನೀರು ನಿಂತ ರಸ್ತೆಯಲ್ಲಿ ಚರಂಡಿ ಎಲ್ಲಿದೆ, ಗುಂಡಿ ಎಲ್ಲಿದೆ ತಿಳಿಯುವುದಿಲ್ಲ. ಜೋರು ಮಳೆ ದಿನ ನಡಿಗೆ ರದ್ದು, ಅಷ್ಟೇ. ಮಗು ಒಂದು ದಿನ ಪ್ಲೇಸ್ಕೂಲ್ ತಪ್ಪಿಸಿದರೆ ಏನೂ ಆಗುವುದಿಲ್ಲ.

ಆಯಮ್ಮನ ಜೊತೆ ಕೂತು ಮಾತಾಡಿ

"ಅಕ್ಕ, ಪಾರ್ಕ್‌ವರೆಗೂ ನಡೀತೀರಾ?" ಅಂತ ಕೇಳಿದರೆ "ಹ್ಞೂಂ ಮೇಡಂ, ಅದೇನು ದೂರ" ಅನ್ನುವ ಉತ್ತರವೇ ಬರುತ್ತದೆ. ಕೆಲಸ ಬೇಕಾದವರು ಆಗಲ್ಲ ಅಂತ ಹೇಗೆ ಹೇಳುತ್ತಾರೆ? ಹಾಗಾಗಿ ಹೌದು-ಇಲ್ಲ ಅನ್ನುವಂಥ ಪ್ರಶ್ನೆ ಕೇಳಬೇಡಿ. "ಎರಡು ಪಾರ್ಕ್ ಇದೆ, ಯಾವುದಕ್ಕೆ ಹೋದ್ರೆ ನಿಮಗೆ ಅನುಕೂಲ?" "ಯಾವ ಕಡೆ ರೋಡ್ ದಾಟೋಕೆ ಭಯ ಆಗುತ್ತೆ?" "ಮಗು ಎಲ್ಲಿಂದ ಎತ್ಕೋ ಅನ್ನುತ್ತೆ?" ಹೀಗೆ ಕೇಳಿ. ನಿಮಗೆ ಗೊತ್ತಿಲ್ಲದ ಎಷ್ಟೋ ವಿಷಯ ಹೊರಗೆ ಬರುತ್ತದೆ. ಯಾವ ಮನೆ ನಾಯಿ ಗೇಟು ಹಾರುತ್ತದೆ, ಯಾವ ಮೂಲೆಯಲ್ಲಿ ಗಂಡಸರು ಕೂತು ಕುಡಿಯುತ್ತಾರೆ, ಅವೆಲ್ಲ ದಿನಾ ನಡೆಯುವವರಿಗೇ ಗೊತ್ತು.

ಮಂಡಿ, ಸೊಂಟ, ಬಿಪಿ, ಶುಗರ್ ಬಗ್ಗೆ ವಿಚಾರಿಸಿ. ಮುಟ್ಟಿನ ದಿನಗಳಲ್ಲಿ ನಡಿಗೆ ಕಡಿಮೆ ಮಾಡಬಹುದು ಅಂತ ನೀವೇ ಮೊದಲು ಹೇಳಿ. ಪಾರ್ಕಿನಲ್ಲಿ ಅವರು ಉಪಯೋಗಿಸುವಂಥ ಶೌಚಾಲಯ ಇದೆಯಾ ನೋಡಿ. ಎರಡು ಗಂಟೆ ಹೊರಗಿರುವ ಹೆಂಗಸು ಇದಕ್ಕೆ ಹೆದರಿ ನೀರೇ ಕುಡಿಯದೆ ಹೊರಡುತ್ತಾರೆ.

ಕಾಲಿಗೆ ಏನು ಹಾಕಿಕೊಳ್ಳುತ್ತಾರೆ ನೋಡಿದ್ದೀರಾ? ಸವೆದ ಹವಾಯಿ ಚಪ್ಪಲಿ ಒದ್ದೆ ಚಪ್ಪಡಿ ಮೇಲೆ ಜಾರುತ್ತದೆ, ಮಗು ಕೈಯಲ್ಲಿರುವಾಗಲೇ. ಒಳ್ಳೆಯ ಹಿಡಿತ ಇರುವ ಚಪ್ಪಲಿ ಅಥವಾ ಶೂ, ಒಂದು ಗಟ್ಟಿ ಛತ್ರಿ ಕೊಡಿಸುವುದು ನಿಮ್ಮ ಖರ್ಚು. ಅದನ್ನು ಹಬ್ಬದ ಉಡುಗೊರೆ ಲೆಕ್ಕಕ್ಕೆ ಸೇರಿಸಬೇಡಿ.

ಮನೆಗೆಲಸದವರಿಗೆ ಕರ್ನಾಟಕದಲ್ಲಿ 2004ರಲ್ಲೇ ಕನಿಷ್ಠ ವೇತನ ಗೊತ್ತು ಮಾಡಿದ್ದಾರೆ. ಮಗುವಿನ ಜೊತೆ ನಡೆಯುವ ಹೊತ್ತು, ವ್ಯಾನಿಗೆ ಕಾಯುವ ಹೊತ್ತು, ಎಲ್ಲವೂ ಕೆಲಸದ ಹೊತ್ತೇ. ವ್ಯಾನು ತಡವಾಗಿ ಅವರು ಅರ್ಧ ಗಂಟೆ ಹೆಚ್ಚು ನಿಂತರೆ ಅದಕ್ಕೂ ದುಡ್ಡು ಕೊಡಿ. ಬೇಸಿಗೆ ರಜೆಯಲ್ಲಿ ಆಯಮ್ಮ ತಮ್ಮ ಮಗಳನ್ನು ಜೊತೆಗೆ ಕರೆತಂದರೆ, ಆ ಹುಡುಗಿಯ ಕೈಲಿ ನಿಮ್ಮ ಮಗು ಕೊಟ್ಟು ಪಾರ್ಕಿಗೆ ಕಳಿಸಬೇಡಿ. ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರಲ್ಲೇ ನಿಷೇಧಿಸಿದ್ದಾರೆ.

ದಾರಿ ಗೊತ್ತು ಮಾಡಿ, ತೀರ್ಮಾನ ಅವರಿಗೆ ಬಿಡಿ

ಮಾತಾಡಿದ ಮೇಲೆ ಒಂದು ದಾರಿ, ಒಂದು ಬದಲಿ ದಾರಿ ಗೊತ್ತು ಮಾಡಿ. ಇಬ್ಬರೂ ಸೇರಿ ಒಮ್ಮೆ ನಡೆಯಿರಿ. ಬೇರೆ ಊರಿನಿಂದ ಬಂದು ಬೋರ್ಡು ಓದಲು ಬಾರದವರಿಗೆ ಕ್ರಾಸ್ ನಂಬರ್ ಹೇಳಿ ಪ್ರಯೋಜನ ಇಲ್ಲ. ಗಣೇಶನ ಗುಡಿ, ಮೆಡಿಕಲ್ ಶಾಪ್, ಹಾಲಿನ ಬೂತ್ ತೋರಿಸಿ. ಕಷ್ಟ ಬಂದರೆ ಯಾವ ಅಂಗಡಿಯಲ್ಲಿ ಹೋಗಿ ನಿಲ್ಲಬಹುದು ಅಂತಲೂ ತೋರಿಸಿ, ಅಂಗಡಿಯವರಿಗೆ ಒಂದು ಮಾತು ಹೇಳಿಡಿ.

ಅರ್ಧ ದಾರಿಯಿಂದ ವಾಪಸ್ ಬರುವ ಹಕ್ಕು ಅವರಿಗಿರಲಿ. ಬಿಸಿಲು ಜಾಸ್ತಿ ಅನ್ನಿಸಿತು, ನಾಯಿಗಳ ಗುಂಪು ಕಂಡಿತು, ಮಗು ಹಟ ಹಿಡಿಯಿತು, ಕಾರಣ ಯಾವುದೇ ಇರಲಿ. ವಾಪಸ್ ಬಂದಾಗ "ಯಾಕೆ ಬೇಗ ಬಂದ್ರಿ?" ಅಂತ ಗದರಿದರೆ ಮುಂದಿನ ಸಲ ಅಪಾಯ ಇದ್ದರೂ ಮುಂದೆ ಹೋಗುತ್ತಾರೆ. ಅವರು ರಸ್ತೆಯಲ್ಲಿರುವ ಹೊತ್ತಿನಲ್ಲಿ ಫೋನ್ ಮಾಡಬೇಡಿ. ಫೋನ್ ತೆಗೆಯಲು ಅವರು ಬಿಡುವುದು ಮಗುವಿನ ಕೈಯನ್ನೇ.

ಬೀದಿ ನಾಯಿಗಳ ಬಗ್ಗೆ ಬಿಡಿಸಿ ಹೇಳಿ. ಕಸ ಸುರಿಯುವ ಬ್ಲಾಕ್ ಸ್ಪಾಟ್‌ಗಳ ಹತ್ತಿರ ಅವು ಗುಂಪಾಗಿರುತ್ತವೆ, ಆ ಮೂಲೆ ತಪ್ಪಿಸಿ. ನಾಯಿ ಬೊಗಳಿದರೆ ಓಡಬಾರದು. ಮಗುವನ್ನು ಎತ್ತಿಕೊಂಡು ಸ್ವಲ್ಪ ನಿಂತು, ನಿಧಾನವಾಗಿ ಸರಿಯಬೇಕು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ ಏನೂ ಹಚ್ಚಬಾರದು. ತಡ ಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು. ಆಯಮ್ಮನಿಗೆ ಕಚ್ಚಿದರೂ ಇದೇ ಕ್ರಮ, ಖರ್ಚು ನಿಮ್ಮದೇ. ತುರ್ತು ಸಹಾಯದ 112 ನಂಬರ್ ಅವರ ಫೋನಿನಲ್ಲಿ ಇರಲಿ, ಫೋನಿಗೆ ಕರೆನ್ಸಿ ಹಾಕಿಸಿರಿ.

ಪಾರ್ಕು ತಲುಪಿದ ಮೇಲೆ ಅವರು ಕೂರಬೇಕು. ಕೆಲವು ಅಪಾರ್ಟ್‌ಮೆಂಟ್‌ಗಳಲ್ಲಿ ಆಯಮ್ಮಂದಿರು ಬೆಂಚಿನ ಮೇಲೆ ಕೂರಬಾರದು ಅನ್ನುವ ರೂಲ್ಸ್ ಇದೆ. ನನಗೆ ಇದು ತುಂಬಾ ನೋವು ಕೊಡುವ ವಿಷಯ. ನಿಮ್ಮಲ್ಲಿ ಹಾಗಿದ್ದರೆ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಎದ್ದು ನಿಂತು ಕೇಳಿ. ನಮ್ಮ ಮಕ್ಕಳನ್ನು ಎತ್ತಿ ಆಡಿಸುವವರಿಗೆ ಕೂರಲು ಜಾಗ ಇಲ್ಲ ಅನ್ನುವುದು ಯಾವ ನ್ಯಾಯ?

ದೊಡ್ಡ ಪಾರ್ಕುಗಳಲ್ಲಿ ಒಳಗಿನ ನಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಲಾಲ್‌ಬಾಗ್ 240 ಎಕರೆ, ಗೇಟುಗಳು ನಾಲ್ಕು. ಗಾಜಿನ ಮನೆವರೆಗೆ ಹೋಗಿ ಬೇರೆ ಗೇಟಿಗೆ ಬಂದುಬಿಟ್ಟರೆ ಮನೆ ದಾರಿ ಎರಡರಷ್ಟಾಗುತ್ತದೆ. ಒಳಗೆ ಹೋದ ಗೇಟಿನಲ್ಲೇ ಹೊರಗೆ ಬರುವಂತೆ ಹೇಳಿ. ಸ್ಯಾಂಕಿ ಕೆರೆಯ ಸುತ್ತ ಒಂದು ಸುತ್ತು ಹಾಕುವುದು ಮಗುವಿಗೆ ಬೇಕಾಗಿಲ್ಲ, ಒಂದು ಮೂಲೆಯಲ್ಲಿ ಆಡಿಕೊಂಡು ಬಂದರೆ ಸಾಕು. ಇಂಥ ಕಡೆಗೆ ವಾರದ ಕೊನೆಯಲ್ಲಿ ನೀವೇ ಕರೆದುಕೊಂಡು ಹೋಗಿ.

ದೂರ ಜಾಸ್ತಿ ಅಂತ ಗೊತ್ತಾದರೆ

ಬೆಳಿಗ್ಗೆ ಆಫೀಸಿಗೆ ಹೋಗುವಾಗ ಮಗುವನ್ನು ನೀವೇ ಬಿಟ್ಟರೆ ಆಯಮ್ಮನ ಪ್ಲೇಸ್ಕೂಲ್ ನಡಿಗೆಯಲ್ಲಿ ಅರ್ಧ ಅಲ್ಲೇ ತಪ್ಪುತ್ತದೆ. ಮಧ್ಯಾಹ್ನ ಬರಲು ಆಟೋ ಗೊತ್ತು ಮಾಡಿ. 2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಮೊದಲ ಎರಡು ಕಿಲೋಮೀಟರಿಗೆ ಮೀಟರ್ ದರ 36 ರೂಪಾಯಿ. ತಿಂಗಳಿಗೆ 22 ದಿನ ಅಂದರೂ 792 ರೂಪಾಯಿ. ಅಷ್ಟು ಹತ್ತಿರಕ್ಕೆ ದಾರಿಯಲ್ಲಿ ಹೋಗುವ ಆಟೋ ನಿಲ್ಲುವುದು ಕಷ್ಟ. ಹತ್ತಿರದ ಸ್ಟ್ಯಾಂಡಿನಲ್ಲಿ ಪರಿಚಯದ ಡ್ರೈವರ್ ಇದ್ದರೆ ತಿಂಗಳ ಲೆಕ್ಕ ಮಾತಾಡಿ. ಪಕ್ಕದ ಮನೆ ಮಗುವೂ ಅದೇ ಪ್ಲೇಸ್ಕೂಲ್ ಆದರೆ ಖರ್ಚು ಹಂಚಿಕೊಳ್ಳಬಹುದು.

ನೇರ ಬಸ್ ಇದ್ದರೆ ಅದೂ ಆಗಬಹುದು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗಿನಿಂದ ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇರುವ ಹೆಂಗಸರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆದರೆ ರಶ್ ಇರುವ ಹೊತ್ತಿನಲ್ಲಿ ಮಗು ಎತ್ತಿಕೊಂಡು ಬಸ್ ಹತ್ತುವುದು ನಡೆಯುವುದಕ್ಕಿಂತ ಕಷ್ಟ. ಮಧ್ಯಾಹ್ನದ ಖಾಲಿ ಬಸ್ಸಿಗೆ ಮಾತ್ರ ಇದನ್ನು ಇಟ್ಟುಕೊಳ್ಳಿ.

ಇದೆಲ್ಲದರ ಜೊತೆಗೆ ಆಯಮ್ಮನ ಪರ್ಸಿನಲ್ಲಿ ನಿಮ್ಮ 200 ರೂಪಾಯಿ ಯಾವಾಗಲೂ ಇರಲಿ. ಆಟೋ ಹತ್ತಬೇಕು ಅನ್ನಿಸಿದ ದಿನ ಫೋನ್ ಮಾಡಿ ಕೇಳದೆ ಹತ್ತಲಿ. ಖರ್ಚಾದಷ್ಟನ್ನು ಅವತ್ತೇ ತುಂಬಿಸಿ, ಲೆಕ್ಕ ಕೇಳುತ್ತಾ ಕೂರಬೇಡಿ. ಜೂನ್‌ನಲ್ಲಿ ಹೊಸ ಶಾಲೆ ಶುರುವಾಗುವ ಮುಂಚೆ, ಮೇ ಕೊನೆ ವಾರದಲ್ಲೇ, ಮಗುವಿನ ತೂಕ ನೋಡಿ, ಹೊಸ ದಾರಿ ನಡೆದು, ದೂರವನ್ನು ಇನ್ನೊಮ್ಮೆ ಗೊತ್ತು ಮಾಡಿಕೊಳ್ಳಿ.